ಗುರುಮಠಕಲ್‌ನಿಂದ ಚಿತ್ರ ನೋಡೋಕೆ ಎಷ್ಟು ದಿನ ರಜೆ ಬೇಕು?

ಬೆಂಗಳೂರಿನಲ್ಲಿ ಮ್ಯೂಸಿಯಂಗೆ ಹೋಗೋದು ಅಂದ್ರೆ ಒಂದು ಭಾನುವಾರದ ಮಧ್ಯಾಹ್ನದ ಮಾತು. ಕಸ್ತೂರ್ಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಅದೇ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಇದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಕುಮಾರಕೃಪಾ ರಸ್ತೆಗೆ ತಿರುಗಿದರೆ ಚಿತ್ರಕಲಾ ಪರಿಷತ್ತು. ನೋಡಿ, ಕಾಫಿ ಕುಡಿದು, ಒಂದು ಸ್ಟೋರಿ ಹಾಕಿ, ರಾತ್ರಿ ಊಟಕ್ಕೆ ಮನೆಗೆ ಬರಬಹುದು.

ಇದೇ ಪ್ಲ್ಯಾನನ್ನ ಗುರುಮಠಕಲ್‌ನಲ್ಲಿ ಕೂತು ಮಾಡಿ ನೋಡಿ. ಬೆಂಗಳೂರು 500 ಕಿಲೋಮೀಟರಿಗೂ ಆಚೆ. ಹತ್ತಿರದ ದೊಡ್ಡ ಕಲಾ ಮ್ಯೂಸಿಯಂ ಅಂದ್ರೆ ಹೈದರಾಬಾದಿನ ಸಾಲಾರ್‌ಜಂಗ್. ಅದು ಇನ್ನೊಂದು ರಾಜ್ಯದಲ್ಲಿ, ಸುಮಾರು 150 ಕಿಲೋಮೀಟರ್ ದೂರ. ಶುಕ್ರವಾರ ರಜೆ, ಅದನ್ನೂ ಲೆಕ್ಕ ಹಾಕಬೇಕು. ಬೆಳಗ್ಗೆ ಬುತ್ತಿ ಕಟ್ಕೊಂಡು ಬಸ್ ಹತ್ತಿದರೆ ಸೇರುವ ಹೊತ್ತಿಗೆ ಅರ್ಧ ದಿನ ಮುಗಿದಿರುತ್ತೆ. ಸರಿಯಾಗಿ ನೋಡಬೇಕಂದ್ರೆ ರಾತ್ರಿ ಲಾಡ್ಜು. ದಿನಗೂಲಿಯವರಿಗೆ ಎರಡು ದಿನದ ಕೂಲಿ ಹೋಯ್ತು, ಮೇಲೆ ಮನೆಮಂದಿಯ ಬಸ್ ಚಾರ್ಜು.

ಇಷ್ಟಾದ ಮೇಲೆ ನಮ್ಮ ಸಭೆಗಳಲ್ಲಿ ಒಂದು ಮಾತು ಕೇಳಿಬರುತ್ತೆ: "ಹಳ್ಳಿ ಕಡೆ ಜನಕ್ಕೆ ಕಲೆಯಲ್ಲಿ ಆಸಕ್ತಿ ಇಲ್ಲ." ಇದು ಸುಳ್ಳು. ಸಾಲಾರ್‌ಜಂಗ್‌ನಲ್ಲಿ ಆ ಸಂಗೀತದ ಗಡಿಯಾರದ ಮುಂದೆ ಗಂಟೆ ಹೊಡೆಯುವ ಮುಂಚೆ ಹೋಗಿ ನಿಂತು ನೋಡಿ. ಗೊಂಬೆ ಹೊರಬರೋದನ್ನ ಕಾಯ್ತಾ ಕೂತವರಲ್ಲಿ ಕೈಯಲ್ಲಿ ಬುತ್ತಿ ಗಂಟು ಹಿಡಿದವರೂ ಇರ್ತಾರೆ. ಮುಸುಕು ಹಾಕಿದ ರೆಬೆಕಾಳ ಮುಂದೆ ನಿಂತು, ಕಲ್ಲಿನಲ್ಲಿ ಇಷ್ಟು ತೆಳು ಬಟ್ಟೆ ಹೇಗೆ ಬಂತು ಅಂತ ಬೆರಗಾಗೋಕೆ ಆರ್ಟ್ ಹಿಸ್ಟರಿ ಡಿಗ್ರಿ ಬೇಕಿಲ್ಲ. ಆಸಕ್ತಿ ಇದೆ. ಇಲ್ಲದಿರೋದು ಬಾಗಿಲು.

ಇನ್ನೊಂದು ಮಾತು. ಸಾಲಾರ್‌ಜಂಗ್ ನಮಗೆ ಪೂರ್ತಿ ಪರಕೀಯವೂ ಅಲ್ಲ. ಕೊಪ್ಪಳ ಆ ಮನೆತನದ ಜಾಗೀರಾಗಿತ್ತು. ಜಗತ್ತಿನ ಮೂಲೆಮೂಲೆಯಿಂದ ಕೊಂಡು ತಂದ ಆ ಸಾಮಾನಿನಲ್ಲಿ ನಮ್ಮ ಕಡೆಯ ರೈತರ ಕಂದಾಯವೂ ಸೇರಿದೆ. 1951ರಲ್ಲಿ ಆ ಸಂಗ್ರಹ ಜನರಿಗೆ ತೆರೆಯಿತು. 1956ರಲ್ಲಿ ನಾವು ಈ ಕಡೆ ಬಂದೆವು, ಮ್ಯೂಸಿಯಂ ಆ ಕಡೆ ಉಳಿಯಿತು. ಅದು ಯಾರ ತಪ್ಪೂ ಅಲ್ಲ. ಆದರೆ ಆಮೇಲೆ ಇಷ್ಟು ದಶಕಗಳಲ್ಲಿ ಈ ಕಡೆ ಅಂಥದ್ದೊಂದು ಮನೆ ಕಟ್ಟದೇ ಇದ್ದದ್ದು ತಪ್ಪು.

ಇಲ್ಲಿ ಇಡೋಕೆ ಏನಿದೆ ಅಂತೀರಾ? ಗುರುಮಠಕಲ್‌ನಿಂದ ಯಾದಗಿರಿ, ಶಹಾಪುರ ದಾಟಿ ಹೋದರೆ ಸುರಪುರ. ಒಂದು ಚಿತ್ರಶೈಲಿಗೇ ಹೆಸರು ಕೊಟ್ಟ ಊರು. ನಾಯಕ ಅರಸರ ಆಶ್ರಯದಲ್ಲಿ, ಗರುಡಾದ್ರಿ ಮನೆತನದಂಥ ಕಲಾವಿದರ ಕೈಯಲ್ಲಿ ಬೆಳೆದ ಕಿರುಚಿತ್ರಗಳು ಅವು: ದೇವರು, ದರಬಾರು, ಸೂಕ್ಷ್ಮ ಗೆರೆ, ಚಿನ್ನದ ಕೆಲಸ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತು ಸೋತ. ಅರಸೊತ್ತಿಗೆ ಹೋಯ್ತು, ಅದರ ಜೊತೆ ಚಿತ್ರ ಬರೆಸುವವರೂ ಹೋದರು. ಆ ಶೈಲಿಗೆ ಮತ್ತೆ ಜೀವ ಬಂದದ್ದು ಕಲಬುರಗಿಯ ವಿಜಯ ಹಾಗರಗುಂಡಗಿಯವರಂಥ ಕಲಾವಿದರ ಹಟದಿಂದ.

ಇವತ್ತು ಲಂಡನ್ನಿನ ಹರಾಜು ಕ್ಯಾಟಲಾಗುಗಳಲ್ಲಿ 'ಶೋರಾಪುರ್' ಅಂತ ಒಂದು ಹೆಸರು ಕಾಣುತ್ತೆ. ಅದು ನಮ್ಮ ಸುರಪುರವೇ ಅಂತ ಸುರಪುರದ ಹೈಸ್ಕೂಲ್ ಹುಡುಗನಿಗೆ ಹೇಳುವ ಗೋಡೆ ಆ ಊರಲ್ಲಿ ಬೇಡವಾ? ಫಿಲಿಪ್ ಮೆಡೋಸ್ ಟೇಲರ್ ಸಾಹೇಬನ ಬಂಗಲೆ ಟೇಲರ್ ಮಂಜಿಲ್ ಗುಡ್ಡದ ಮೇಲೆ ನಿಂತಿದೆ. ಆ ಬಂಗಲೆಗೊಂದು ನೆಲೆ ಸಿಕ್ಕಿತು, ಚಿತ್ರಗಳಿಗೆ ಸಿಗಲಿಲ್ಲ.

"ಫೋನಲ್ಲಿ ನೋಡಬಹುದಲ್ಲ" ಅನ್ನುವವರಿಗೆ ಒಂದೇ ಉತ್ತರ. ಬಂಗಾರದ ಕೆಲಸ ಇರೋ ಚಿತ್ರ ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬೇರೆಯಾಗಿ ಹೊಳೆಯುತ್ತೆ. ಸ್ಕ್ರೀನಿನಲ್ಲಿ ಅದು ಬರೀ ಹಳದಿ ಬಣ್ಣ. ಕಲಿಯುವ ಹುಡುಗಿ ಮೂಲ ಚಿತ್ರ ನೋಡದೆ ಹಳದಿಯನ್ನೇ ಕಲೀತಾಳೆ.

"ಮೊದಲು ನೀರು, ಕೆಲಸ, ಆಮೇಲೆ ಕಲೆ" ಅನ್ನೋದು ಇನ್ನೊಂದು ವಾದ. ನೀರೂ ಬೇಕು, ಕೆಲಸಾನೂ ಬೇಕು, ಸರಿ. ಆದರೆ ಬೆಂಗಳೂರಿಗೆ ಯಾರೂ ಹೀಗೆ ಸರತಿ ಸಾಲು ಹಚ್ಚಲಿಲ್ಲ. ಅಲ್ಲಿ ಟ್ಯಾಂಕರ್ ನೀರೂ ಇದೆ, ಗ್ಯಾಲರಿನೂ ಇದೆ. 2023ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಘೋಷಿಸಿದ್ದು 5,000 ಕೋಟಿ ರೂಪಾಯಿ. ಅದರಲ್ಲಿ ನಾಲ್ಕು ಕೋಣೆಗಳ ಒಂದು ಮ್ಯೂಸಿಯಂ ಯಾವ ಲೆಕ್ಕ?

ನನ್ನ ಸಿಟ್ಟು ಸರ್ಕಾರದ ಮೇಲಷ್ಟೇ ಅಲ್ಲ, ನಮ್ಮ ಮೇಲೂ. ಯಾದಗಿರಿ ಸ್ಟೇಷನ್‌ನಲ್ಲಿ ರೈಲು ಹತ್ತಿ ಬಂದು ಇಲ್ಲಿ ಐಟಿ ಕಂಪನಿ ಸೇರಿದ ನಾವು, ಕಸ್ತೂರ್ಬಾ ರಸ್ತೆಯ ಫೋಟೋ ಹಾಕ್ತೀವಿ. ಊರಿಗೆ ಹೋದಾಗ "ಇಲ್ಲೇನದ ನೋಡ್ಲಿಕ್ಕ?" ಅಂತ ನಾವೇ ಮೊದಲು ಕೇಳ್ತೀವಿ. ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ ಎಷ್ಟು ದೊಡ್ಡ ಚಿತ್ರಕಾರ ಅಂತ ಗೊತ್ತಿಲ್ಲ, ಅವರ ಹೆಸರಿನ ರಂಗಮಂದಿರದ ಅಡ್ರೆಸ್ ಗೊತ್ತು. ಊರ ಮಕ್ಕಳು ಇದನ್ನೇ ನೋಡಿ ಕಲೀತಾರೆ: ಕಲೆ ಅಂದ್ರೆ ಬೇರೆ ಊರಲ್ಲಿ, ಬೇರೆಯವರು ಮಾಡೋದು. ಅಸಲಿ ನಷ್ಟ ಇದು. ಇದಕ್ಕೆ ಯಾವ ಬಜೆಟ್ಟಿನಲ್ಲೂ ಪರಿಹಾರ ಇಲ್ಲ.

ಆದ್ದರಿಂದ ಕೇಳಬೇಕಾದ್ದು ಇಷ್ಟು. ಸುರಪುರದಲ್ಲಿ ಸಣ್ಣದಾದರೂ ಸರಿ, ಒಂದು ಪಕ್ಕಾ ಕಲಾ ಮ್ಯೂಸಿಯಂ. ಬೇರೆ ಸಂಗ್ರಹಗಳಿಂದ ಎರವಲು ತಂದ ಮೂಲ ಚಿತ್ರಗಳು, ಅವನ್ನು ಕಾಯುವ ಬೆಳಕು, ಕಾವಲು. ಕನ್ನಡದ ವಿವರ ಫಲಕ. ಬಾಗಿಲಿಗೆ ಸಮಯದ ಬೋರ್ಡು, ಬೋರ್ಡಿನ ಪ್ರಕಾರ ತೆರೆಯುವ ಬಾಗಿಲು. ಗುರುಮಠಕಲ್‌ನಿಂದ ಬೆಳಗ್ಗೆ ಹೊರಟು ಸಂಜೆಗೆ ಮರಳುವ ಹಾಗೆ ಬಸ್ಸು.

ಮುಂದಿನ ಸಲ ಊರಿಗೆ ಹೋದಾಗ ಒಂದು ದಿನ ಸುರಪುರಕ್ಕೆ ಮೀಸಲಿಡಿ, ಮನೆಯ ಮಕ್ಕಳನ್ನೂ ಕರ್ಕೊಂಡು ಹೋಗಿ. ಅಲ್ಲಿ ನಿಂತು "ಇಲ್ಲಿನ ಚಿತ್ರಗಳನ್ನ ಎಲ್ಲಿ ನೋಡಬೇಕು ರೀ?" ಅಂತ ಜೋರಾಗಿ ಕೇಳಿ. ನಿಮ್ಮ ಶಾಸಕರಿಗೂ ಅದೇ ಪ್ರಶ್ನೆಯನ್ನ ಬರೆದು ಕಳಿಸಿ. ಕೇಳುವವರೇ ಇಲ್ಲ ಅನ್ನೋ ನೆಪವನ್ನ ಮೊದಲು ಅವರ ಕೈಯಿಂದ ಕಿತ್ತುಕೊಳ್ಳೋಣ.