ಟ್ಯೂಬ್ ತೆಗೆದ ಮೇಲೂ ಹೊಣೆ ಮುಗಿಯದು

ತೀವ್ರ ನಿಗಾ ಘಟಕದಲ್ಲಿ ಮಗುವಿನ ಗಂಟಲಿನಿಂದ ಉಸಿರಾಟದ ಟ್ಯೂಬ್ ಹೊರತೆಗೆದ ದಿನವನ್ನು ಮನೆಯವರೂ ವೈದ್ಯರೂ ಚಿಕಿತ್ಸೆಯ ಗೆಲುವೆಂದೇ ಎಣಿಸುತ್ತಾರೆ. ಅದು ಸಹಜ. ಅವಧಿಗೆ ಮುನ್ನ ಹುಟ್ಟಿದ ಶಿಶು, ನ್ಯುಮೋನಿಯಾ ಬಿಗಡಾಯಿಸಿದ ಹಸುಗೂಸು, ಹಾವು ಕಚ್ಚಿದ ಅಥವಾ ಕೈಗೆ ಸಿಕ್ಕ ಕೀಟನಾಶಕ ಕುಡಿದ ಮಗು ಬದುಕುಳಿಯುವುದು ಎಷ್ಟೋ ಸಲ ಆ ಪ್ಲಾಸ್ಟಿಕ್ ಕೊಳವೆಯ ದೆಸೆಯಿಂದಲೇ. ಆದರೆ ಅದೇ ಕೊಳವೆ ಕೆಲವು ಮಕ್ಕಳ ಗಂಟಲೊಳಗೆ ಹುಣ್ಣು ಮಾಡಿರುತ್ತದೆ. ಹುಣ್ಣು ಮಾಯುವಾಗ ಕಲೆಗಟ್ಟಿ, ಉಸಿರಿನ ದಾರಿಯೇ ಕಿರಿದಾಗುತ್ತದೆ. ಇದು ಬಯಲಾಗುವುದು ಬಹುಮಟ್ಟಿಗೆ ಮಗು ಮನೆಗೆ ಹೋಗಿ ಕೆಲವು ವಾರಗಳಾದ ಮೇಲೆ. ಅಷ್ಟರಲ್ಲಿ ಟ್ಯೂಬ್ ಹಾಕಿದ ತಂಡಕ್ಕೂ ಆ ಮಗುವಿಗೂ ನಂಟು ಕಡಿದಿರುತ್ತದೆ. ಟ್ಯೂಬ್ ಒಳಗಿರುವಷ್ಟು ದಿನ ಮಾತ್ರ ಅದರ ಹೊಣೆ ಎಂಬ ಭಾವನೆ ನಮ್ಮ ಚಿಕಿತ್ಸಾ ಪದ್ಧತಿಯಲ್ಲಿ ಬೇರೂರಿದೆ. ಗಾಯಕ್ಕಿಂತ ದೊಡ್ಡ ಲೋಪ ಇದು. ಆ ಹೊಣೆಯನ್ನು ಟ್ಯೂಬ್ ತೆಗೆದ ನಂತರದ ಎರಡು ತಿಂಗಳಿಗಾದರೂ ವಿಸ್ತರಿಸಬೇಕು.

ಮಕ್ಕಳ ಗಂಟಲಿಗೇ ಈ ಅಪಾಯ ಹೆಚ್ಚು ಏಕೆ ಎಂಬುದು ರಚನೆಯಿಂದಲೇ ಗೊತ್ತಾಗುತ್ತದೆ. ಧ್ವನಿತಂತುಗಳ ಕೆಳಗೆ ಕ್ರಿಕಾಯ್ಡ್ ಎಂಬ ಮೃದ್ವಸ್ಥಿ ಇದೆ. ಶ್ವಾಸಮಾರ್ಗದಲ್ಲಿ ಪೂರ್ತಿ ಉಂಗುರದಂತೆ ಸುತ್ತುವರಿದಿರುವುದು ಇದೊಂದೇ. ಶ್ವಾಸನಾಳದ ಉಳಿದ ಮೃದ್ವಸ್ಥಿಗಳು ಹಿಂಬದಿಯಲ್ಲಿ ತೆರೆದಿರುವುದರಿಂದ ಅಲ್ಲಿ ಬಾವು ಬಂದರೆ ಹಿಗ್ಗಲು ಒಂದಿಷ್ಟು ಜಾಗವಿದೆ. ಇಲ್ಲಿ ಬಾವು ಒಳಮುಖವಾಗಿಯೇ ಬೆಳೆಯಬೇಕು. ನವಜಾತ ಶಿಶುವಿನಲ್ಲಿ ಈ ಜಾಗದ ವ್ಯಾಸ ನಾಲ್ಕೈದು ಮಿಲಿಮೀಟರ್ ಅಷ್ಟೆ. ನಾಲ್ಕು ಮಿಲಿಮೀಟರ್ ದಾರಿಯ ಸುತ್ತಲೂ ಒಂದು ಮಿಲಿಮೀಟರ್ ಬಾವು ಬಂದರೆ ಉಳಿಯುವುದು ಕಾಲುಭಾಗದಷ್ಟು ಜಾಗ, ಗಾಳಿಗೆ ಎದುರಾಗುವ ಅಡ್ಡಿ ಲೆಕ್ಕಾಚಾರದ ಪ್ರಕಾರ ಹದಿನಾರು ಪಟ್ಟು. ವಯಸ್ಕರಲ್ಲಿ ದನಿ ಕೊಂಚ ಒಡೆಯುವಷ್ಟಕ್ಕೆ ನಿಲ್ಲುವ ಬಾವು ಕೂಸಿನ ಉಸಿರನ್ನೇ ಕಟ್ಟಬಲ್ಲದು. ಟ್ಯೂಬಿನ ಒತ್ತಡ ಒಳಪದರದ ಸೂಕ್ಷ್ಮ ರಕ್ತನಾಳಗಳ ಒತ್ತಡವನ್ನು ಮೀರಿದರೆ ಅಲ್ಲಿ ರಕ್ತ ಹರಿಯುವುದು ನಿಲ್ಲುತ್ತದೆ. ಮೊದಲು ಹುಣ್ಣು, ಆಮೇಲೆ ಮೆತ್ತನೆಯ ಮಾಂಸದ ಬೆಳವಣಿಗೆ, ಕೊನೆಗೆ ಗಟ್ಟಿ ಕಲೆ.

ಹಾಗಿದ್ದರೆ ಜೀವ ಉಳಿಸಿದ್ದಕ್ಕೆ ತೆರಬೇಕಾದ ಬೆಲೆ ಇದು ಎಂದು ಸುಮ್ಮನಾಗಬೇಕೇ? ಆರು ದಶಕಗಳ ಅನುಭವ ಹಾಗೆ ಹೇಳುವುದಿಲ್ಲ. ಮೊದಲೆಲ್ಲ ಮಕ್ಕಳಿಗೆ ದೀರ್ಘಕಾಲ ಕೃತಕ ಉಸಿರಾಟ ಬೇಕಾದರೆ ಕುತ್ತಿಗೆಯಲ್ಲಿ ರಂಧ್ರ ಕೊರೆದು ನಳಿಕೆ ಇಡುತ್ತಿದ್ದರು. ಮೂಗಿನ ಮೂಲಕ ಹಾಕಿದ ಟ್ಯೂಬನ್ನೇ ದಿನಗಟ್ಟಲೆ ಇಡಬಹುದೆಂಬ ಅನುಭವವನ್ನು ಆಸ್ಟ್ರೇಲಿಯಾದ ಅಡಿಲೇಡ್ ಮಕ್ಕಳ ಆಸ್ಪತ್ರೆಯ ವೈದ್ಯರು 1965ರಲ್ಲಿ ಪ್ರಕಟಿಸಿದ ನಂತರ ಆ ಪದ್ಧತಿ ಜಗತ್ತಿನೆಲ್ಲೆಡೆ ಹಬ್ಬಿತು. ಅದರ ಬೆನ್ನಲ್ಲೇ ಗಂಟಲು ಕಿರಿದಾದ ಮಕ್ಕಳೂ ಬರತೊಡಗಿದರು. ಟ್ಯೂಬ್ ಹಾಕಿಸಿಕೊಂಡ ನವಜಾತ ಶಿಶುಗಳಲ್ಲಿ ನೂರಕ್ಕೆ ಎಂಟರವರೆಗೂ ಈ ತೊಂದರೆ ಇದ್ದುದನ್ನು ಆ ಕಾಲದ ಕೆಲವು ವರದಿಗಳು ದಾಖಲಿಸಿವೆ. ಮುಂದಿನ ದಶಕಗಳಲ್ಲಿ ಅದು ನೂರಕ್ಕೆ ಎರಡಕ್ಕಿಂತ ಕೆಳಗಿಳಿಯಿತು. ಟ್ಯೂಬ್ ತಯಾರಿಸುವ ವಸ್ತು ಸುಧಾರಿಸಿತು, ದಪ್ಪ ಟ್ಯೂಬಿನ ಬದಲು ಸುತ್ತಲೂ ಕೊಂಚ ಗಾಳಿ ಸೋರುವಂಥದನ್ನು ಆರಿಸುವ ಶಿಸ್ತು ಬಂತು, ಟ್ಯೂಬ್ ಇಲ್ಲದೆ ಮೂಗಿನಿಂದಲೇ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಬಳಕೆಗೆ ಬಂತು. ಗಮನ ಕೊಟ್ಟಲ್ಲಿ ಗಾಯ ಕಡಿಮೆಯಾಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಗಮನ ಕೊಡದಿದ್ದರೆ ಗಾಯ ಕಾಣುವುದೂ ಇಲ್ಲ. ಬ್ರೆಜಿಲ್‌ನ ಪೋರ್ತೊ ಅಲೆಗ್ರೆ ನಗರದ ಸಂಶೋಧಕರು ಐಸಿಯುನಲ್ಲಿ ಟ್ಯೂಬ್ ಹಾಕಿಸಿಕೊಂಡ ಮಕ್ಕಳನ್ನು, ಲಕ್ಷಣ ಕಾಣಿಸಿಕೊಳ್ಳಲಿ ಎಂದು ಕಾಯದೆ, ಟ್ಯೂಬ್ ತೆಗೆದ ಕೆಲವೇ ಗಂಟೆಗಳಲ್ಲಿ ಎಂಡೋಸ್ಕೋಪ್‌ನಿಂದ ನೋಡಿ, ಆಮೇಲೂ ಬೆನ್ನುಹತ್ತಿ ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಹನ್ನೊಂದು ಮಕ್ಕಳಲ್ಲಿ ದಾರಿ ಕಿರಿದಾಗಿತ್ತು. ಟ್ಯೂಬ್ ಇರುವ ಅವಧಿ ಐದು ದಿನ ಹೆಚ್ಚಿದಂತೆಲ್ಲ ಅಪಾಯ ಸುಮಾರು ಅರ್ಧದಷ್ಟು ಏರುತ್ತಿತ್ತು. ಹೆಚ್ಚುವರಿ ನಿದ್ರಾಜನಕದ ಅಗತ್ಯ ಬಿದ್ದ, ಅಂದರೆ ಶಾಂತವಾಗಿ ಮಲಗದೆ ಚಡಪಡಿಸಿದ ಮಕ್ಕಳಲ್ಲಿ ಅಪಾಯ ಇನ್ನೂ ಹೆಚ್ಚಾಗಿತ್ತು. ದಿನಗಳ ಎಣಿಕೆಯೊಂದೇ ಕತೆಯೆಲ್ಲವನ್ನೂ ಹೇಳುವುದಿಲ್ಲ ಎಂದಾಯಿತು. ಮಗು ಕೊಸರಿದಾಗ ಟ್ಯೂಬ್ ಗಂಟಲನ್ನು ಉಜ್ಜುತ್ತದೆ. ಅದು ತಾನಾಗಿ ಕಳಚಿಬಿದ್ದು ಮತ್ತೆ ಹಾಕಬೇಕಾಗಿ ಬಂದರೆ ಗಾಯದ ಮೇಲೆ ಗಾಯ.

ಹಾಸಿಗೆಯ ಪಕ್ಕದ ಒಂದು ಸಣ್ಣ ಕೆಲಸವನ್ನೇ ನೋಡಿ. ಈಗಿನ ಹಲವು ಟ್ಯೂಬ್‌ಗಳ ತುದಿಯಲ್ಲಿ ಗಾಳಿ ತುಂಬುವ ಕಫ್ ಇರುತ್ತದೆ. ಅದು ಎಷ್ಟು ಉಬ್ಬಿದೆ ಎಂದು ತಿಳಿಸಲು ಹೊರಗೆ, ಮಗುವಿನ ಕೆನ್ನೆಯ ಬಳಿ, ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಬಲೂನು ನೇತಾಡುತ್ತದೆ. ಎಷ್ಟೋ ಕಡೆ ಅದನ್ನು ಎರಡು ಬೆರಳಲ್ಲಿ ಹಿಚುಕಿ ಒತ್ತಡ ಸರಿಯಿದೆಯೆಂದು ತೀರ್ಮಾನಿಸುವ ರೂಢಿ ಇದೆ. ಬೆರಳಿನ ಅಂದಾಜು ನಂಬಲರ್ಹವಲ್ಲ ಎಂಬುದು ಮತ್ತೆ ಮತ್ತೆ ಸಾಬೀತಾಗಿದೆ. ಮಕ್ಕಳಲ್ಲಿ ಆ ಒತ್ತಡ ನೀರಿನ ಅಳತೆಯಲ್ಲಿ 20 ಸೆಂಟಿಮೀಟರ್ ಆಸುಪಾಸಿನಲ್ಲೇ ಇರಬೇಕು. ಅದನ್ನು ಅಳೆಯುವ ಮಾಪಕಕ್ಕೆ ಕೆಲವು ಸಾವಿರ ರೂಪಾಯಿ ಸಾಕು. ಹಾಗೆಂದು ಕಫ್ ಇರುವ ಟ್ಯೂಬನ್ನೇ ದೂರುವುದು ತಪ್ಪು. ಯುರೋಪಿನ ಹಲವು ಆಸ್ಪತ್ರೆಗಳಲ್ಲಿ, ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಪಡೆದ 2,246 ಪುಟ್ಟ ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟ್ಯೂಬ್ ತೆಗೆದ ನಂತರ ಉಸಿರಿನಲ್ಲಿ ಕೀರಲು ಸದ್ದು ಕೇಳಿಸಿದ್ದು ಕಫ್ ಇರುವ, ಇಲ್ಲದ ಎರಡೂ ಬಗೆಯ ಟ್ಯೂಬ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಅಳತೆ ಸರಿಹೊಂದದೆ ಟ್ಯೂಬ್ ಬದಲಿಸಬೇಕಾಗಿ ಬಂದದ್ದು ಮಾತ್ರ ಕಫ್ ಇಲ್ಲದವರಲ್ಲಿ ನೂರಕ್ಕೆ ಮೂವತ್ತು, ಇದ್ದವರಲ್ಲಿ ಎರಡು. ಅಲ್ಲಿ ಕಫ್ ಒತ್ತಡವನ್ನು ಮಾಪಕದಿಂದಲೇ ನಿಗಾ ಇಟ್ಟು ನೋಡಲಾಗಿತ್ತು ಎಂಬುದನ್ನು ಮರೆಯಬಾರದು.

ಎಷ್ಟೇ ಎಚ್ಚರ ವಹಿಸಿದರೂ ಕೆಲವು ಗಂಟಲುಗಳು ಕಿರಿದಾಗುತ್ತವೆ. ಟ್ಯೂಬ್ ತೆಗೆದ ನಂತರದ ಕಾವಲು ಬೇಕಿರುವುದು ಅದಕ್ಕಾಗಿಯೇ. ದನಿ ಗೊಗ್ಗರಾಗುವುದು, ಹಾಲು ಕುಡಿಯುವಾಗ ಏದುಸಿರು ಬಿಡುವುದು, ಉಸಿರು ಎಳೆದುಕೊಳ್ಳುವಾಗ ಕೀರಲು ಸದ್ದು, ಕುತ್ತಿಗೆಯ ಕುಳಿ ಒಳಕ್ಕೆ ಸೆಳೆಯುವುದು ಇದರ ಲಕ್ಷಣಗಳು. ಹಿನ್ನೆಲೆ ತಿಳಿಯದ ವೈದ್ಯರಿಗೆ ಇದು ಸುಲಭವಾಗಿ ಕಫ ಕಟ್ಟಿದಂತೆ, ಆಸ್ತಮಾದಂತೆ ಕಾಣುತ್ತದೆ. ನೆಬ್ಯುಲೈಸೇಶನ್‌ನಲ್ಲೇ ವಾರಗಳು ಉರುಳುತ್ತವೆ. ಆ ವಾರಗಳಿಗೆ ಬೆಲೆ ಇದೆ. ಕಲೆ ಇನ್ನೂ ಮೆತ್ತಗಿರುವಾಗ ಬಲೂನಿನಿಂದ ಹಿಗ್ಗಿಸಿ ದಾರಿ ಬಿಡಿಸುವ ಸಾಧ್ಯತೆ ಚೆನ್ನಾಗಿದೆ. ಗಟ್ಟಿಯಾದ ಮೇಲೆ ಕುತ್ತಿಗೆಯಲ್ಲಿ ರಂಧ್ರ, ಬಳಿಕ ಪಕ್ಕೆಲುಬಿನ ಮೃದ್ವಸ್ಥಿ ತಂದು ಗಂಟಲು ಅಗಲಿಸುವ ದೊಡ್ಡ ಶಸ್ತ್ರಚಿಕಿತ್ಸೆ. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರಾದರೊಬ್ಬರು ಹಗಲೂ ರಾತ್ರಿ ನಳಿಕೆಯ ಕಫ ತೆಗೆಯುತ್ತ ಎಚ್ಚರವಿರಬೇಕು.

ಚಿಕಿತ್ಸೆಯಿಂದಲೇ ಆಗುವ ಹಾನಿಯನ್ನು ಬೆನ್ನಟ್ಟಿ ಪತ್ತೆಹಚ್ಚುವುದು ಕರ್ನಾಟಕಕ್ಕೆ ಹೊಸತಲ್ಲ. ಅವಧಿಪೂರ್ವ ಶಿಶುಗಳಿಗೆ ಆಮ್ಲಜನಕ ಹೆಚ್ಚಾದರೆ ಅಕ್ಷಿಪಟಲ ಕೆಡುವ ಅಪಾಯ ಏರುತ್ತದೆ. ಅಂಥ ಕೂಸುಗಳ ಕಣ್ಣನ್ನು ಹುಟ್ಟಿದ ತಿಂಗಳೊಳಗೆ ಪರೀಕ್ಷಿಸಬೇಕೆಂಬ ನಿಯಮ ಇಂದು ಎಲ್ಲ ಶಿಶು ತಜ್ಞರಿಗೂ ಗೊತ್ತು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ ತೆಗೆದ ಚಿತ್ರಗಳನ್ನು ತಜ್ಞರು ದೂರದಲ್ಲೇ ಕುಳಿತು ನೋಡುತ್ತಾರೆ. ಗಂಟಲಿನ ವಿಷಯದಲ್ಲಿ ಮೊದಲ ಜರಡಿ ಹಿಡಿಯಲು ಕ್ಯಾಮೆರಾ ಸಹ ಬೇಡ. ಮಗುವಿನ ಎದೆ ತೆರೆದು, ಉಸಿರಿನ ಸದ್ದು ಕೇಳುವಂತೆ ಫೋನಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೊ ಸಾಕು.

ಆಕ್ಷೇಪಗಳಿವೆ. ಪ್ರತಿ ಮಗುವಿಗೂ ಎಂಡೋಸ್ಕೋಪಿ ಮಾಡುವಷ್ಟು ತಜ್ಞರಿಲ್ಲ, ಅದಕ್ಕೆ ಅರಿವಳಿಕೆಯ ಅಪಾಯವೂ ಉಂಟು ಎನ್ನುತ್ತಾರೆ. ನಿಜ, ಆದ್ದರಿಂದಲೇ ಎಲ್ಲರಿಗೂ ಎಂಡೋಸ್ಕೋಪಿ ಎಂಬ ಬೇಡಿಕೆ ಇಲ್ಲಿಲ್ಲ. ಎಲ್ಲರ ಮೇಲೂ ಕಣ್ಣಿರಲಿ, ಸದ್ದು ಉಳಿದವರಿಗೆ ಮಾತ್ರ ಪರೀಕ್ಷೆಯಾಗಲಿ. ಇನ್ನೊಂದು ಆತಂಕ ಹೆಚ್ಚು ಗಂಭೀರವಾದದ್ದು: ಗಾಯಗಳ ಲೆಕ್ಕ ಕೇಳತೊಡಗಿದರೆ ವೈದ್ಯರು ಟ್ಯೂಬ್ ಹಾಕಲು ಹಿಂಜರಿದಾರು, ಹೆತ್ತವರು ಬೇಡವೆಂದಾರು, ಉಳಿಯಬೇಕಾದ ಜೀವ ಹೋದೀತು. ಇದನ್ನು ತಳ್ಳಿಹಾಕುವಂತಿಲ್ಲ. ಹಾಗಾಗಿ ಈ ಲೆಕ್ಕವನ್ನು ತಪ್ಪಿತಸ್ಥರನ್ನು ಹುಡುಕಲು ಬಳಸಕೂಡದು. ಘಟಕದಲ್ಲಿ ಸೋಂಕಿನ ಪ್ರಮಾಣ ಬರೆದಿಡುವಂತೆ ಇದನ್ನೂ ಬರೆದಿಡಬೇಕು. ಮುಂಚಿತವಾಗಿ ತಿಳಿಸಿದ ತೊಡಕಿಗಿಂತ ಯಾರೂ ಹೇಳದೆ ಬಂದೆರಗಿದ ತೊಡಕೇ ಹೆತ್ತವರ ನಂಬಿಕೆ ಕೆಡಿಸುತ್ತದೆ.

ಆಗಬೇಕಾದ್ದು ದೊಡ್ಡ ಯೋಜನೆಯೇನಲ್ಲ. ಮಕ್ಕಳಿಗೆ ವೆಂಟಿಲೇಟರ್ ಇರುವ ಪ್ರತಿ ಘಟಕದಲ್ಲೂ ಕಫ್ ಮಾಪಕ ಇರಲಿ, ಪ್ರತಿ ಪಾಳಿಯಲ್ಲೂ ಅಳತೆ ಬರೆಯಲಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಟ್ಯೂಬಿನ ಅಳತೆ, ಎಷ್ಟು ದಿನ ಇತ್ತು, ಎಷ್ಟು ಸಲ ಹಾಕಬೇಕಾಯಿತು ಎಂಬುದರ ಜೊತೆಗೆ ಯಾವ ಲಕ್ಷಣ ಕಂಡರೆ ತಕ್ಷಣ ಮರಳಿ ಬರಬೇಕೆಂಬುದು ಕನ್ನಡದಲ್ಲಿರಲಿ. ಎರಡನೇ ವಾರ, ಆರನೇ ವಾರ ನರ್ಸ್ ಒಂದು ಫೋನ್ ಮಾಡಲಿ. ವಿಡಿಯೊ ನೋಡಿ ನಿರ್ಧರಿಸುವ, ಬೇಕಾದರೆ ಮಗುವನ್ನು ಕರೆಸಿಕೊಳ್ಳುವ ಒಂದು ಕೇಂದ್ರವನ್ನು ಪ್ರತಿ ವಿಭಾಗಕ್ಕೂ ಸರ್ಕಾರ ಗೊತ್ತುಪಡಿಸಲಿ. ವೆಂಟಿಲೇಟರ್ ಖರೀದಿಗೆ ಹಣ ಮಂಜೂರು ಮಾಡುವ ಆದೇಶದಲ್ಲೇ ಈ ಷರತ್ತುಗಳನ್ನು ಸೇರಿಸಿದರೆ, ಅವು ಕಡತದಲ್ಲಿ ಉಳಿಯದೆ ಹಾಸಿಗೆಯ ಬಳಿಗೆ ಬರುತ್ತವೆ.