ತಟ್ಟೆಯೇ ಬೇರೆ, ಹೊಟ್ಟೆಯೇ ಬೇರೆ

ಅಮೆರಿಕದಿಂದ ಊರಿಗೆ ಹೊರಟವರ ಸೂಟ್‌ಕೇಸಿನಲ್ಲಿ ಚಾಕೊಲೇಟು, ಬಾದಾಮಿ, ವಿಟಮಿನ್ ಡಬ್ಬಿಗಳ ಜೊತೆ ಇನ್ನೊಂದು ಡಬ್ಬಿಯೂ ಸೇರಿಕೊಂಡಿದೆ, ಗ್ರೀನ್ ಟೀ ಸಾರದ ಮಾತ್ರೆ. 'ಬರ್ತಾ ಒಂದೆರಡು ತಗೊಂಡ್ಬಾ, ಬೊಜ್ಜು ಕರಗುತ್ತಂತೆ' ಅಂತ ಅಲ್ಲಿಂದ ಫೋನು. ನನ್ನ ಕೇಳಿದ್ರೆ, ಆ ಡಬ್ಬಿ ತರೋದೇ ಬೇಡ.

ಹಾಗಂತ ಬೊಜ್ಜಿನ ಮಾತು ಪೂರ್ತಿ ಬುರುಡೆಯೇನಲ್ಲ. ಗ್ರೀನ್ ಟೀಯಲ್ಲಿ ಕ್ಯಾಟೆಚಿನ್ ಅನ್ನೋ ರಾಸಾಯನಿಕಗಳಿವೆ, ಅದರಲ್ಲಿ ಮುಖ್ಯವಾದದ್ದು ಇಜಿಸಿಜಿ. ಕೊಬ್ಬಿನ ಕೋಶ ಹೇಗೆ ಬೆಳೆಯುತ್ತೆ ಅಂತ ನೋಡೋಕೆ ವಿಜ್ಞಾನಿಗಳು ಹೆಚ್ಚಾಗಿ ಬಳಸೋದು 3ಟಿ3-ಎಲ್1 ಎಂಬ ಇಲಿಯ ಕೋಶಗಳನ್ನು. ಇವು ಮೊದಲು ಎಳೆಯವು. ಇನ್ಸುಲಿನ್ ಮುಂತಾದವು ಸಿಕ್ಕರೆ ಬಲಿತು, ಒಳಗೆ ಕೊಬ್ಬಿನ ಹನಿ ತುಂಬಿಕೊಳ್ಳುತ್ತವೆ. ಗಾಜಿನ ತಟ್ಟೆಗೆ ಇಜಿಸಿಜಿ ಹಾಕಿದರೆ, ಬಲಿಯೋಕೆ ಅಪ್ಪಣೆ ಕೊಡುವ ಪಿಪಿಎಆರ್-ಗಾಮಾ ಅನ್ನೋ ಪ್ರೋಟೀನು ಇಳಿಯುತ್ತೆ, ಕೋಶಗಳು ಎಳೆಯವಾಗಿಯೇ ಉಳಿಯುತ್ತವೆ. ಕೇಳೋಕೆ ಎಷ್ಟು ಚೆನ್ನ ಅಲ್ವಾ?

ಆದರೆ ಸ್ವಾಮೀ, ತಟ್ಟೆಯೇ ಬೇರೆ, ಹೊಟ್ಟೆಯೇ ಬೇರೆ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಹಾಕೋದು 10ರಿಂದ 100 ಮೈಕ್ರೋಮೋಲಾರ್. ನಾವು ಒಂದೆರಡು ಕಪ್ ಕುಡಿದರೆ ರಕ್ತಕ್ಕೆ ಸೇರೋದು ಒಂದು ಮೈಕ್ರೋಮೋಲಾರ್ ಕೂಡ ಇಲ್ಲ. ಕರುಳು ಅದನ್ನು ಹೀರಿಕೊಳ್ಳೋದೇ ಅಷ್ಟಕ್ಕಷ್ಟೆ. ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ ನೋಡಿದ 2012ರ ಕಾಕ್ರೇನ್ ವಿಮರ್ಶೆಯಲ್ಲಿ, ಜಪಾನಿನ ಹೊರಗಿನ ಅಧ್ಯಯನಗಳಲ್ಲಿ ಇಳಿದ ತೂಕ ಸರಾಸರಿ 0.04 ಕೆಜಿ. ಅಂದ್ರೆ 40 ಗ್ರಾಂ!

'ಹಾಗಾದ್ರೆ ಜಾಸ್ತಿ ತಗೊಂಡ್ರಾಯ್ತು' ಅಂತೀರಾ? ಮಾತ್ರೆ ಮಾರೋರ ತರ್ಕವೂ ಅದೇ. ಒಂದು ಕಪ್‌ನಲ್ಲಿ ಇಜಿಸಿಜಿ ಸುಮಾರು 50ರಿಂದ 100 ಮಿಲಿಗ್ರಾಂ. ಮಾತ್ರೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತಗೊಂಡವರಲ್ಲಿ ಯಕೃತ್ತಿಗೆ ಪೆಟ್ಟು ಬೀಳುವ ಸೂಚನೆಗಳು ಕಂಡವು ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ. ಈ ಮಾತ್ರೆಗಳಿಂದ ಯಕೃತ್ತು ಕೆಟ್ಟವರಲ್ಲಿ ಹೆಚ್ಚಿನವರಿಗೆ ಎಚ್‌ಎಲ್‌ಎ-ಬಿ*35:01 ಎಂಬ ಒಂದೇ ಜೀನ್ ರೂಪ ಇದ್ದದ್ದು 2020ರಲ್ಲಿ ಅಮೆರಿಕದ ಸಂಶೋಧಕರಿಗೆ ಕಂಡಿತು. ಅದು ನಿಮ್ಮ ಚಿಕ್ಕಮ್ಮನಿಗೆ ಇದೆಯೋ ಇಲ್ಲವೋ, ಯಾರಿಗೆ ಗೊತ್ತು?

ಅಮೆರಿಕದ್ದು ಅಂದ್ರೆ ಸರ್ಕಾರ ಪರೀಕ್ಷೆ ಮಾಡಿಯೇ ಮಾರೋಕೆ ಬಿಟ್ಟಿರುತ್ತೆ ಅನ್ನೋ ನಂಬಿಕೆಯೂ ಇದೆ ನಮ್ಮವರಿಗೆ. ಔಷಧಿಗಾದರೆ ಸರಿ. ಇಂಥ 'ಸಪ್ಲಿಮೆಂಟು'ಗಳಿಗೆ 1994ರ ಕಾನೂನಿನ ಪ್ರಕಾರ ಮಾರುವ ಮೊದಲು ಎಫ್‌ಡಿಎ ಒಪ್ಪಿಗೆಯೇ ಬೇಕಿಲ್ಲ.

ಹಾಗಾಗಿ ಗ್ರೀನ್ ಟೀಯನ್ನ ಟೀ ಥರಾನೇ ಕುಡೀರಿ. ರುಚಿ ಹಿಡಿಸಿದರೆ ದಿನಕ್ಕೆ ಮೂರು ಕಪ್ ಆದರೂ ಆಗಲಿ, ತಕರಾರಿಲ್ಲ. ಸಕ್ಕರೆ ಹಾಕಿದ ಕಾಫಿಯ ಬದಲು ಕುಡಿದರೆ ಅಷ್ಟು ಸಕ್ಕರೆಯಾದರೂ ಉಳಿಯಿತು. ಆದರೆ ಊರಿಂದ ಮಾತ್ರೆಗೆ ಫೋನು ಬಂದರೆ 'ಇಲ್ಲ' ಅಂದುಬಿಡಿ. ಬೇಜಾರು ಮಾಡ್ಕೊಳ್ತಾರೆ, ನಿಜ. ಆದರೆ ಬೇಜಾರು ನಾಲ್ಕು ದಿನದಲ್ಲಿ ಹೋಗುತ್ತೆ ಕಣ್ರೀ, ಯಕೃತ್ತು ಹೋದರೆ?