ಪಾಯಕ್ಕೆ ಮುನ್ನ ಒಂದು ಗುಂಡಿ

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಮಣ್ಣಿನ ಪರೀಕ್ಷೆಯನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರು ನಗಬಹುದು. ಇಂಜಿನಿಯರರ ಕೆಲಸ ಇವನಿಗೇಕೆ ಎಂದು ಕೇಳಲೂಬಹುದು. ಆದರೆ ಬಾಗಿಲಿನ ಮೂಲೆಯಿಂದ ಛಾವಣಿಯವರೆಗೆ ಓರೆಯಾಗಿ ಹರಿದ ಬಿರುಕು ಇರುವುದು ನಮ್ಮ ಪಡಸಾಲೆಯ ಗೋಡೆಯಲ್ಲಿ. ಚೈತ್ರದಲ್ಲಿ ಅದರೊಳಗೆ ನನ್ನ ಕಿರುಬೆರಳು ಹೋಗುತ್ತದೆ, ಶ್ರಾವಣದಲ್ಲಿ ಹೋಗುವುದಿಲ್ಲ.

ನಮ್ಮೂರು ವಿಜಯಪುರ ಜಿಲ್ಲೆಯ ದೋಣಿ ನದಿಯ ಬಯಲಿನಲ್ಲಿದೆ. ಜೋಳಕ್ಕೆ ಹೆಸರಾದ ಎರೆಭೂಮಿ ಅದು. ಲಾವಾಶಿಲೆ ಶಿಥಿಲವಾಗಿ ಉಂಟಾದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಅತಿ ಸೂಕ್ಷ್ಮವಾದ ಜೇಡಿ ಖನಿಜವು ಹೇರಳವಾಗಿದೆ. ಅದರ ಪದರಗಳೊಳಗೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಹೊಲಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಅಂಚಿನ ಮಣ್ಣು ಋತುವಿಗೆ ತಕ್ಕಂತೆ ತೊಯ್ದು ಆರುತ್ತಿರುತ್ತದೆ. ನಡುಮನೆಯ ಕೆಳಗಿನದು ಅಷ್ಟಾಗಿ ಆರುವುದಿಲ್ಲ. ಹೀಗೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದರೆ ಗೋಡೆ ಸೀಳದೆ ಏನು ಮಾಡೀತು? ವಿಚಿತ್ರವೆಂದರೆ, ಭಾರಿ ಕಟ್ಟಡಕ್ಕಿಂತ ನಮ್ಮಂಥವರ ಒಂದಂತಸ್ತಿನ ಮನೆಗೇ ಇದರ ಬಾಧೆ ಹೆಚ್ಚು. ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ತೂಕ ಅದಕ್ಕಿಲ್ಲ.

ತಂದೆಯವರು 2016ರಲ್ಲಿ ಸಾಲ ಮಾಡಿ ಈ ಮನೆಯನ್ನು ಕಟ್ಟಿಸಿದರು. ವಾಸ್ತು ಬಲ್ಲವರು ಎರಡು ಸಲ ಬಂದು, ಅಡಿಗೆಮನೆಯನ್ನು ಆಗ್ನೇಯಕ್ಕೆ ಸರಿಸಿ, ದಕ್ಷಿಣೆ ಪಡೆದು ಹೋದರು. ಮಣ್ಣನ್ನು ನೋಡಲು ಮಾತ್ರ ಯಾರೂ ಬರಲಿಲ್ಲ; ನಾವು ಕರೆಯಲೂ ಇಲ್ಲ. "ನಾಲ್ಕಡಿ ಪಾಯ ಸಾಕು, ಊರಾಗ ಎಲ್ಲಾರದೂ ಅಷ್ಟ" ಎಂದರು ಗೌಂಡಿಗಳು. ಅವರನ್ನು ನಾನು ದೂರುವುದಿಲ್ಲ. ಎಲ್ಲರದೂ ಅಷ್ಟೇ ಎಂಬುದು ನಿಜ; ಎಲ್ಲರ ಗೋಡೆಯೂ ಬಿರಿದಿರುವುದೂ ನಿಜ.

ಪರೀಕ್ಷೆ ಎಂಬುದು ಅಣೆಕಟ್ಟು ಸೇತುವೆಗಳಿಗೆ ಸೇರಿದ್ದು, ಬಡವರಿಗೆ ಎಟುಕದ್ದು ಎಂಬ ಭಾವನೆ ನಮ್ಮಲ್ಲಿದೆ. ಇದು ತಪ್ಪು. ಸುಮಾರು ಒಂದು ಎಕರೆಯ ನಿವೇಶನಕ್ಕೆ ಮೂಲೆಗೊಂದು ಹಾಗೂ ನಡುವೆ ಒಂದು ಗುಂಡಿ ಸಾಕೆಂದೂ, ಸಣ್ಣ ಕಟ್ಟಡಕ್ಕೆ ನಡುವೆ ಒಂದೇ ಸಾಕೆಂದೂ ಭಾರತೀಯ ಮಾನಕ ಸಂಹಿತೆಯೇ ಹೇಳುತ್ತದೆ. ಉಬ್ಬುವ ಗುಣವನ್ನು ಅಳೆಯುವ ಒಂದು ಪರೀಕ್ಷೆಯಂತೂ ಅಡಿಗೆಯಷ್ಟೇ ಸುಲಭ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಎರಡು ಅಳತೆಯ ಗಾಜಿನ ಕೊಳವೆಗಳಲ್ಲಿ ಹಾಕಬೇಕು. ಒಂದಕ್ಕೆ ಭಟ್ಟಿಯಿಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಅಲ್ಲಿ 10 ಮಿಲಿಲೀಟರಿನಷ್ಟಿದ್ದ ಮಣ್ಣು ಇಲ್ಲಿ 15ನ್ನು ದಾಟಿತೆಂದರೆ, ಎಂದರೆ ಶೇಕಡಾ 50ಕ್ಕಿಂತ ಹೆಚ್ಚು ಉಬ್ಬಿತೆಂದರೆ, ಅದು ಅತಿ ಅಪಾಯದ ಎರೆ.

ಈ ಕೊಳವೆಗಳು ಅಪಾಯವನ್ನು ತೋರಿಸುತ್ತವೆಯೇ ಹೊರತು ಪಾಯವನ್ನು ನಿರ್ಣಯಿಸುವುದಿಲ್ಲ. ಎರೆಯ ಪದರ ಎಷ್ಟು ಆಳವಿದೆ, ಕೆಳಗೆ ಗರಸು ಎಲ್ಲಿ ಸಿಕ್ಕುತ್ತದೆ ಎಂಬುದನ್ನು ಗುಂಡಿಯೇ ಹೇಳಬೇಕು. ಅದನ್ನು ನೋಡಿ ಇಂಜಿನಿಯರು ತೀರ್ಮಾನಿಸಬೇಕು. ಗರಸು ಕೈಗೆಟುಕಿದರೆ ಅಲ್ಲಿಗೇ ಪಾಯವನ್ನು ಇಳಿಸಬಹುದು. ಎರೆ ತೀರ ಆಳವಾಗಿದ್ದರೆ, ಸುಮಾರು ಮೂರೂವರೆ ಮೀಟರು ಕೊರೆದು, ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಕಾಂಕ್ರೀಟು ಕಂಬಗಳನ್ನು ನಿಲ್ಲಿಸುವ ವಿಧಾನವುಂಟು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಅದನ್ನು ರೂಢಿಗೆ ತಂದು ಅರ್ಧ ಶತಮಾನ ಮೀರಿತು. ನಮ್ಮೂರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಎರೆಯ ಊರುಗಳಲ್ಲಿ ಮನೆಗೆ ಪರವಾನಗಿ ಕೊಡುವ ಮುನ್ನ ಒಂದು ಗುಂಡಿಯ ವಿವರವನ್ನು ಕಡ್ಡಾಯವಾಗಿ ಕೇಳತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಆ ವಿವರಗಳನ್ನು ಪಂಚಾಯತಿಯಲ್ಲಿ ಕೂಡಿಟ್ಟರೆ, ಕೆಲವೇ ವರ್ಷಗಳಲ್ಲಿ ಊರಿನ ನೆಲದ ನಕ್ಷೆಯೇ ಸಿದ್ಧವಾದೀತು. ಮುಂದಿನವರಿಗೆ ಖರ್ಚೂ ತಗ್ಗೀತು. ಇದಕ್ಕೆ ಬೇಕಾದದ್ದು ಇಬ್ಬರು ಆಳು, ಒಂದೆರಡು ದಿನದ ಕೂಲಿ. ಬಿರುಕಿಗೆ ನಾವು ಪ್ರತಿ ವರ್ಷ ಮೆತ್ತಿದ ಸಿಮೆಂಟಿಗೆ ಅದಕ್ಕಿಂತ ಹೆಚ್ಚು ಸುರಿದಿದ್ದೇವೆ.

ನಮ್ಮ ಹಿತ್ತಿಲಿಗೆ ಹೊಂದಿದ ನಿವೇಶನದಲ್ಲಿ ಈಗ ಕಾಕಾ ಅವರು ಮನೆ ಕಟ್ಟಿಸಬೇಕೆಂದಿದ್ದಾರೆ. ನನ್ನ ಕಾಟ ತಾಳಲಾರದೆ ಕಳೆದ ತಿಂಗಳು ಗುಂಡಿ ತೋಡಿಸಿದರು. ಒಂಬತ್ತಡಿಗೆ ಗಟ್ಟಿ ಗರಸು ಸಿಕ್ಕಿತು. ತಂದೆಯವರು ಬಂದು ಗುಂಡಿಯೊಳಗೆ ಬಹಳ ಹೊತ್ತು ನೋಡುತ್ತ ನಿಂತಿದ್ದರು.